ಆರು ಹತ್ತರ ಕನೆಕ್ಷನ್

ನಗರ ಬಸ್ ಸಂಸ್ಥೆಯ ಮುಖ್ಯ ಕಚೇರಿಯಲ್ಲಿ, ಎರಡನೆಯ ಮಹಡಿಯ ಮೆಟ್ಟಿಲು ಹತ್ತಿ ಎಡಕ್ಕೆ ತಿರುಗಿದರೆ ಸಿಗುವ ಮೂರನೆಯ ಕೋಣೆಯೇ ವೇಳಾಪಟ್ಟಿ ವಿಭಾಗ. ಅಲ್ಲಿ ಕಿಟಕಿಗೆ ಬೆನ್ನು ಮಾಡಿದ ಒಂದೇ ಕುರ್ಚಿಯಲ್ಲಿ ಹತ್ತೊಂಬತ್ತು ವರ್ಷದಿಂದ ಕುಳಿತವನಿಗೆ ಡ್ರೈವರುಗಳು ಇಟ್ಟ ಹೆಸರು ‘ಐದ್ನಿಮಿಷ’. ಅದರಲ್ಲಿ ಅರ್ಧ ಗೇಲಿ, ಅರ್ಧ ಗೌರವ. ಅವನು ಬರುವುದಕ್ಕೆ ಮೊದಲು ನಾಲ್ಕು ಮಾರ್ಗಗಳ ಪ್ರಯಾಣಿಕರು ಪೂರ್ವದ ನಿಲ್ದಾಣದಲ್ಲಿ ಇಳಿದು, ಮುಂದಿನ ಬಸ್ಸಿಗಾಗಿ ಮುಕ್ಕಾಲು ಗಂಟೆ ಕಂಬ ಎಣಿಸುತ್ತ ನಿಲ್ಲುತ್ತಿದ್ದರು. ಅವನು ಎರಡು ತಿಂಗಳು ತಲೆ ಬಗ್ಗಿಸಿ ಕುಳಿತು, ನಾಲ್ಕೂ ಬಸ್ಸುಗಳು ಒಂದೇ ಹೊತ್ತಿಗೆ ಬಂದು, ಐದು ನಿಮಿಷ ನಿಂತು, ಜನರನ್ನು ಅದಲುಬದಲು ಮಾಡಿಕೊಂಡು ಹೊರಡುವಂತೆ ಕೂಡಿಸಿದ. ವಿಭಾಗದಲ್ಲಿ ಇದನ್ನು ಕನೆಕ್ಷನ್ ಎನ್ನುತ್ತಾರೆ. ಸೇರಬೇಕಾದವು ಒಂದೇ ಜಾಗದಲ್ಲಿ, ಒಂದೇ ಗಳಿಗೆಯಲ್ಲಿ ಸೇರಬೇಕು, ಚದುರಿದ್ದು ದಾರಿಯಲ್ಲೇ ಕಳೆದುಹೋಗುತ್ತದೆ ಎಂಬುದು ಅವನ ದೃಢ ನಂಬಿಕೆ. ಕೆಲಸದಲ್ಲಿ ಅದು ಸುಳ್ಳಾದದ್ದೂ ಇಲ್ಲ.

ಅವನ ಹೆಂಡತಿ ನೀರು ಸರಬರಾಜು ಮಂಡಳಿಯಲ್ಲಿ ಮೀಟರ್ ಓದುವವಳು. ಮನೆಯಿಂದ ಮನೆಗೆ ಸೈಕಲ್ಲಿನಲ್ಲಿ ಹೋಗಿ, ನೆಲಮಟ್ಟದ ಮುಚ್ಚಳ ಎತ್ತಿ, ಬಗ್ಗಿ ಅಂಕಿ ಬರೆದುಕೊಳ್ಳುವ ಕೆಲಸ. ದಿನಕ್ಕೆ ಮೂವತ್ತು ಕಿಲೋಮೀಟರ್ ಹೊಟ್ಟೆಪಾಡಿಗಾಗಿ ತುಳಿದ ಕಾಲಿಗೆ ಭಾನುವಾರ ಸುಮ್ಮನಿರುವುದು ಬರಲಿಲ್ಲ. ಮೂವತ್ತು ಅರವತ್ತಾಯಿತು, ಅರವತ್ತು ನೂರಿಪ್ಪತ್ತಾಯಿತು. ನಲವತ್ತೊಂದರ ವಯಸ್ಸಿಗೆ ಅವಳು ದೂರದ ಸವಾರಿಯ ಸಂಘದಲ್ಲಿ ನಾಲ್ವರು ಹೆಂಗಸರ ತಂಡದ ಮೂರನೆಯವಳಾಗಿದ್ದಳು.

ತಂಡದ ಮುಂದಿದ್ದದ್ದು ಒಂದೇ ಓಟ. ನಾಲ್ಕು ವರ್ಷಕ್ಕೊಮ್ಮೆ ನಡೆಯುವ, ಬೆಳಗಿನಿಂದ ಸಂಜೆಯೊಳಗೆ ಮುಗಿಸಬೇಕಾದ ಮುನ್ನೂರು ಕಿಲೋಮೀಟರು. ನಾಲ್ವರೂ ಒಟ್ಟಿಗೆ ಹೊರಡಬೇಕು, ನಾಲ್ಕನೆಯ ಸೈಕಲ್ಲಿನ ಚಕ್ರ ಗೆರೆ ದಾಟಿದಾಗಲೇ ತಂಡದ ಗಡಿಯಾರ ನಿಲ್ಲುತ್ತದೆ. ವಯಸ್ಸಿನ ಮಿತಿ ನಲವತ್ನಾಲ್ಕು. ಈ ಸಲ ತಪ್ಪಿದರೆ ಮುಂದಿನ ಓಟದ ಹೊತ್ತಿಗೆ ಅವಳಿಗೆ ನಲವತ್ತೈದಾಗುತ್ತದೆ. ಈ ಕೂಡುವ ಲೆಕ್ಕವನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆದರೆ ಎಲ್ಲರಿಗೂ ಬರುತ್ತಿತ್ತು.

ಓಟಕ್ಕೆ ಐದು ತಿಂಗಳಿರುವಾಗ ಅವಳ ಕಾಲು ಮಾತು ಕೇಳುವುದನ್ನು ನಿಲ್ಲಿಸಿತು. ಸಮತಟ್ಟಿನಲ್ಲಿ ಗೊತ್ತಾಗುತ್ತಿರಲಿಲ್ಲ. ದಿಬ್ಬ ಬಂದರೆ ಮೂರನೆಯವಳು ನಾಲ್ಕನೆಯವಳಾಗಿ, ನಾಲ್ಕನೆಯವಳು ಕಾಣದಂತಾಗುತ್ತಿದ್ದಳು. ಸಂಘದ ಡಾಕ್ಟರಮ್ಮ ರಕ್ತ ತೆಗೆಸಿದರು. ಹಿಮೋಗ್ಲೋಬಿನ್ ಹತ್ತು ಪಾಯಿಂಟ್ ಆರು. ಹನ್ನೆರಡಕ್ಕಿಂತ ಕಡಿಮೆಯಿದ್ದವರಿಗೆ ತಾವು ಅರ್ಹತೆಯ ಚೀಟಿಗೆ ಸಹಿ ಹಾಕುವುದಿಲ್ಲವೆಂದು ಅವರು ಮೊದಲೇ ತಿಳಿಸಿ, ದಿನಕ್ಕೊಂದು ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟರು. ಬೆಳಿಗ್ಗೆ, ಬರೀ ಹೊಟ್ಟೆಯಲ್ಲಿ. ಮೂರು ತಿಂಗಳಾದ ಮೇಲೆ ಒಮ್ಮೆ ನೋಡುವುದು, ಓಟಕ್ಕೆ ಎರಡು ವಾರ ಮುಂಚೆ ಅಂತಿಮವಾಗಿ ನೋಡುವುದು.

ಡಾಕ್ಟರಮ್ಮನಿಗೆ ಗೊತ್ತಿದ್ದದ್ದು ಆ ಒಂದು ಮಾತ್ರೆ. ಮನೆಯಲ್ಲಿ ಇನ್ನೂ ಮೂರು ಇದ್ದವು. ಎರಡು ವರ್ಷದ ಹಿಂದೆ ಬಿದ್ದು ಮಣಿಕಟ್ಟು ಬಿರುಕು ಬಿಟ್ಟಾಗ ಶುರುವಾದ ಕ್ಯಾಲ್ಸಿಯಂ, ಶೀತ ಹತ್ತಿರ ಸುಳಿಯದಿರಲೆಂದು ಸಂಘದ ಯಾರೋ ಹೇಳಿದ ಜಿಂಕ್, ಮೀನಖಂಡ ಹಿಡಿದುಕೊಳ್ಳದಿರಲೆಂದು ಮತ್ಯಾರೋ ಹೇಳಿದ ಮೆಗ್ನೀಸಿಯಂ. ಇವು ಒಂದು ಕಿಟಕಿಯಲ್ಲಿ, ಒಂದು ಫ್ರಿಜ್ಜಿನ ಮೇಲೆ, ಒಂದು ಅವಳ ಕೆಲಸದ ಚೀಲದಲ್ಲಿ ಬಿದ್ದಿರುತ್ತಿದ್ದವು. ನೆನಪಾದಾಗ ನುಂಗುವುದು, ಇಲ್ಲದಿದ್ದರೆ ಇಲ್ಲ. ಇದನ್ನು ಕಂಡು ‘ಐದ್ನಿಮಿಷ’ನ ಜೀವ ತಡೆಯಲಿಲ್ಲ. ನಾಲ್ಕು ಬಸ್ಸುಗಳು ನಾಲ್ಕು ಹೊತ್ತಿಗೆ ಬಂದು ಹೋಗುತ್ತಿರುವ ನಿಲ್ದಾಣವನ್ನೇ ಅವನು ಅದರಲ್ಲಿ ಕಂಡ.

ಭಾನುವಾರ ಒಂದು ಮಧ್ಯಾಹ್ನ ಅವನು ಅಳತೆಪಟ್ಟಿ ಹಿಡಿದು ಕುಳಿತು ತಖ್ತೆ ಎಳೆದ. ಅವಳು ಸೈಕಲ್ ಹತ್ತುವುದು ಆರೂವರೆಗೆ. ಅವನ ತಾಯಿ ಒಲೆಯ ಮುಂದೆ ನಿಂತು ಕಡು ಚಹಾ ಸೋಸುವುದು ಆರಕ್ಕೆ. ಆದ್ದರಿಂದ ಆರು ಹತ್ತು. ಆ ಹೊತ್ತಿಗೆ ನಾಲ್ಕೂ ಮಾತ್ರೆ, ಒಂದು ಲೋಟ ಚಹಾದೊಂದಿಗೆ. ಬರೀ ಹೊಟ್ಟೆ ಎಂಬ ಮಾತನ್ನು ಅವನು ಮರೆತಿರಲಿಲ್ಲ. ಚಹಾ ಆಹಾರವಲ್ಲ, ನೀರಿನ ಬಗೆಯದೇ ಎಂದು ವಿಚಾರಮಾಡಿಯೇ ಸೇರಿಸಿದ್ದ. ತಖ್ತೆಯ ಬಲಕ್ಕೆ ದಿನಾಂಕದ ಚೌಕಗಳು, ಅವಳು ಗುರುತು ಹಾಕಲು ದಾರದಲ್ಲಿ ಕಟ್ಟಿದ ಪೆನ್ಸಿಲು. ಅವಳು ನೋಡಿ ನಕ್ಕು, ತನಗೆ ಹೀಗೆ ಯಾರಾದರೂ ಹಿಡಿದು ಕೂರಿಸುವವರು ಬೇಕಾಗಿತ್ತೆಂದು ಒಪ್ಪಿಕೊಂಡಳು. ತಾಯಿ ಮಾತ್ರ ಅಂಗೈಯಲ್ಲಿ ಸಾಲಾಗಿ ಕುಳಿತ ಮಾತ್ರೆಗಳನ್ನು ನೋಡಿ ಸೊಸೆಗೆ ಹೇಳಿದಳು:

“ಇಷ್ಟು ನುಂಗಿದ ಮೇಲೆ ತಿಂಡಿ ಯಾಕಮ್ಮಾ ನಿಂಗೆ, ಹೊಟ್ಟೆ ತುಂಬೇ ಇರತ್ತಲ್ಲ.”

ಮೂರು ತಿಂಗಳು ಆರು ಹತ್ತು ಒಂದು ದಿನವೂ ತಪ್ಪಲಿಲ್ಲ. ಅವಳು ನೂರು, ನೂರೈವತ್ತು, ಇನ್ನೂರು ತುಳಿದಳು. ದಿಬ್ಬಗಳು ಹಾಗೆಯೇ ಉಳಿದವು. ಕಾಲನ್ನು ಬೈದುಕೊಂಡು ಅವಳು ತಾಲೀಮು ಹೆಚ್ಚಿಸಿದಳು, ಕೆಲಸದ ನಡುವೆ ಮೀಟರಿನ ಮುಚ್ಚಳ ಎತ್ತಿ ನಿಂತಾಗ ಕಣ್ಣು ಕತ್ತಲೆ ಬರುವುದನ್ನು ಯಾರಿಗೂ ಹೇಳಲಿಲ್ಲ. ಮೂರು ತಿಂಗಳ ಪರೀಕ್ಷೆಯ ಕಾಗದ ಬಂದಾಗ ಅದರಲ್ಲಿದ್ದದ್ದು ಹತ್ತು ಪಾಯಿಂಟ್ ಏಳು. ತೊಂಬತ್ತು ಮಾತ್ರೆಗೆ ಒಂದು ದಶಾಂಶ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

‘ಐದ್ನಿಮಿಷ’ ಕ್ರಮವಾಗಿ ಹುಡುಕಿದ. ಬಸ್ಸು ತಡವಾದರೆ ಮೊದಲು ವಾಹನ, ಆಮೇಲೆ ರಸ್ತೆ, ಕೊನೆಗೆ ಚಾಲಕ ಎಂಬುದು ವಿಭಾಗದ ಪದ್ಧತಿ. ವಾಹನವೆಂದರೆ ಮಾತ್ರೆ. ಔಷಧದ ಅಂಗಡಿಯವನು ತಯಾರಿಕೆಯ ದಿನಾಂಕ, ಬ್ಯಾಚಿನ ಸಂಖ್ಯೆ, ಬಿಲ್ಲು ಎಲ್ಲವನ್ನೂ ಎದುರಿಗಿಟ್ಟು, ಇದೇ ಡಬ್ಬಿಯದನ್ನು ತನ್ನ ಮಗಳೂ ನುಂಗುತ್ತಿದ್ದಾಳೆಂದು ಹೇಳಿದ. ರಸ್ತೆಯೆಂದರೆ ಪ್ರಯೋಗಾಲಯ. ಬೇರೊಂದು ಕಡೆ ಮತ್ತೆ ರಕ್ತ ಕೊಡಿಸಿದ. ಅಲ್ಲೂ ಹತ್ತು ಪಾಯಿಂಟ್ ಏಳು. ಉಳಿದದ್ದು ಚಾಲಕ. ಆ ಯೋಚನೆ ಬಂದ ಗಳಿಗೆಯಲ್ಲಿ ಅವನಿಗೆ ನಾಚಿಕೆಯಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಪದ್ಧತಿಯ ಮೂರನೆಯ ಹಂತ ಬಂದಿತ್ತು, ಅಷ್ಟೇ.

ಅವಳು ಸ್ನಾನಕ್ಕೆ ಹೋಗಿದ್ದಾಗ ಅವನು ಮಾತ್ರೆಯ ಡಬ್ಬಿಯನ್ನು ಊಟದ ಮೇಜಿನ ಮೇಲೆ ಬೋರಲು ಹಾಕಿ, ಮಾತ್ರೆ ಖಾಲಿಯಾದ ಪಟ್ಟಿಗಳನ್ನು ಒಂದು ಕಡೆ, ತುಂಬಿದ್ದನ್ನು ಒಂದು ಕಡೆ ಜೋಡಿಸಿ ಎಣಿಸತೊಡಗಿದ. ತಖ್ತೆಯ ಗುರುತುಗಳಿಗೂ ಖಾಲಿ ಗುಳಿಗಳಿಗೂ ಒಂದೊಂದಾಗಿ ತಾಳೆ ನೋಡಿದ. ಎಲ್ಲವೂ ಸರಿಹೊಂದಿತು. ತಲೆ ಎತ್ತಿದಾಗ ಅವಳು ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು.

“ಲೆಕ್ಕ ತಾಳೆ ಆಯ್ತಾ?”

“ಸುಮ್ನೆ ನೋಡ್ತಿದ್ದೆ.”

“ಸುಮ್ನೆ ನೋಡೋರು ಪೆನ್ಸಿಲ್ ಇಟ್ಕೊಂಡು ನೋಡಲ್ಲ ರೀ.”

ಮರುದಿನ ಆರು ಹತ್ತಕ್ಕೆ ನಾಲ್ಕೂ ಮಾತ್ರೆ ನುಂಗಿ, ಚಹಾ ಮುಗಿಸಿ, ನೇರವಾಗಿ ಅವನೆದುರು ಬಂದು ಬಾಯಿ ಅಗಲಿಸಿ ತೆರೆದಳು. ನಾಲಿಗೆ ಎತ್ತಿ ಕೆಳಭಾಗವನ್ನೂ ತೋರಿಸಿದಳು. ಅವನು ವೃತ್ತಪತ್ರಿಕೆಯತ್ತ ಮುಖ ತಿರುಗಿಸಿದ. ಅದರ ಮರುದಿನವೂ ಹಾಗೆಯೇ. ಮೂರನೆಯ ದಿನ ತಾಯಿ ಕಂಡು, ಹಲ್ಲು ನೋವೇನೆಂದು ಸೊಸೆಯನ್ನು ವಿಚಾರಿಸಿದಳು.

“ಇಲ್ಲ ಅತ್ತೆ. ನಿಮ್ಮ ಮಗ ಟಿಕೆಟ್ ಚೆಕ್ ಮಾಡ್ತಿದ್ದಾರೆ.”

ಸಂಗತಿ ತಿಳಿದ ತಾಯಿ ಅಂದು ಮಗನಿಗೆ ಚಹಾ ಕೊಡುವಾಗ ಲೋಟವನ್ನು ಕೈಗೆ ಕೊಡದೆ ಮೇಜಿನ ಮೇಲಿಟ್ಟಳು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಗೋಡೆಗೆ ಹೇಳಿದಂತೆ ಹೇಳಿ, ನಿನ್ನದು ಹೋಗಿದ್ದು ಅಡಿಕೆಗೂ ಅಲ್ಲ ಕಣೋ, ಒಂದು ಗುಳಿಗೆಗೆ ಎಂದು ಸೇರಿಸಿದಳು.

ಮೂರು ಹಂತವೂ ಮುಗಿದು ತಪ್ಪು ಸಿಗದಿದ್ದಾಗ ವಿಭಾಗದಲ್ಲಿ ಮೇಲಿನವರಿಗೆ ಬರೆಯುತ್ತಾರೆ. ಅವನು ಅರ್ಧ ದಿನ ರಜೆ ಹಾಕಿ ಡಾಕ್ಟರಮ್ಮನ ಬಳಿಗೆ ಹೋದ. ಸಂಘದ ಕಟ್ಟಡದ ಹಿಂಭಾಗದ ಕೋಣೆ, ಗೋಡೆಗೆ ಒರಗಿಸಿದ ಚಕ್ರಗಳು, ತೂಕದ ಯಂತ್ರ, ಚೇನಿನ ಎಣ್ಣೆಯೂ ಸ್ಪಿರಿಟ್ಟೂ ಬೆರೆತ ವಾಸನೆ. ಅವನು ತಖ್ತೆಯನ್ನು ಮೇಜಿನ ಮೇಲೆ ಹರಡಿ, ಮೇಲೆ ಎರಡು ಪ್ರಯೋಗಾಲಯದ ವರದಿಗಳನ್ನಿಟ್ಟು, ಮಾತ್ರೆಯ ಕಂಪನಿಯನ್ನು ಬದಲಿಸಬೇಕೆಂದು ವಿನಂತಿಸಿದ. ಡಾಕ್ಟರಮ್ಮ ಕನ್ನಡಕವನ್ನು ಹಣೆಗೇರಿಸಿ ತಖ್ತೆಯನ್ನು ಬಹಳ ಹೊತ್ತು ಓದಿದರು.

“ಇದು ಯಾರು ಮಾಡಿದ್ದು?”

“ನಾನೇ ಮೇಡಂ.”

“ತುಂಬಾ ಅಚ್ಚುಕಟ್ಟಾಗಿದೆ. ಒಂದು ದಿನಾನೂ ತಪ್ಪಿಲ್ಲ ಅಲ್ವಾ?”

“ಒಂದು ದಿನಾನೂ ಇಲ್ಲ.”

“ಅದೇ ತೊಂದರೆ.”

ಅವರು ವಿವರಿಸಿದ್ದನ್ನು ಅವನು ತನ್ನ ಅಭ್ಯಾಸದಂತೆ ಮನಸ್ಸಿನಲ್ಲಿ ಸಾಲು ಸಾಲಾಗಿ ಬರೆದುಕೊಂಡ. ಕಬ್ಬಿಣದ ಅಂಶ ಕರುಳಿನಿಂದ ರಕ್ತಕ್ಕೆ ಹೋಗುವ ಬಾಗಿಲು ಬಹಳ ಕಿರಿದು. ಅದೇ ಬಾಗಿಲ ಬಳಿ ಅದೇ ಹೊತ್ತಿಗೆ ಕ್ಯಾಲ್ಸಿಯಂ ಬಂದು ನಿಂತರೆ ಕಬ್ಬಿಣಕ್ಕೆ ಒಳಗೆ ಹೋಗುವುದು ಕಷ್ಟ. ಜಿಂಕ್ ಕೂಡ ಅಲ್ಲಿಯೇ ಮೊಣಕೈಯಿಂದ ತಳ್ಳುತ್ತದೆ. ಇವೆಲ್ಲಕ್ಕಿಂತ ಮಿಗಿಲು ಚಹಾ. ಅದರ ಒಗರು ಕಬ್ಬಿಣವನ್ನು ಬಾಗಿಲ ಹೊರಗೇ ತಬ್ಬಿ ಹಿಡಿದು, ಬಂದ ದಾರಿಗೆ ಸುಂಕವಿಲ್ಲವೆಂದು ಹಾಗೆಯೇ ಹೊರಗೆ ಸಾಗಿಸುತ್ತದೆ. ಬೇರೆ ಬೇರೆ ಹೊತ್ತಿಗೆ ಬಂದಿದ್ದರೆ ಎಲ್ಲವೂ ತಮ್ಮ ಪಾಡಿಗೆ ಹೋಗುತ್ತಿದ್ದವು. ಬೇರೆ ಮಾತ್ರೆಗಳಿವೆಯೇ ಎಂದು ಮೊದಲ ದಿನವೇ ಕೇಳದಿದ್ದದ್ದು ತಮ್ಮ ತಪ್ಪೆಂದೂ ಅವರು ಹೇಳಿದರು. ಹಾಗೆ ಹೇಳಿದ್ದು ಅವನಿಗೆ ಸಮಾಧಾನ ತರಲಿಲ್ಲ.

“ಸ್ವಲ್ಪ ಸೋಮಾರಿ ಗಂಡ ಸಿಕ್ಕಿದ್ರೆ ಅವರಿಗೆ ಇಷ್ಟೊತ್ತಿಗೆ ಹನ್ನೊಂದೂವರೆ ಆಗಿರೋದು” ಎಂದರು ಡಾಕ್ಟರಮ್ಮ, ನಗದೆ.

ಅಂತಿಮ ಪರೀಕ್ಷೆಗೆ ಉಳಿದಿದ್ದದ್ದು ಆರು ವಾರ. ಸಾಲುತ್ತದೆಯೇ ಎಂಬ ಪ್ರಶ್ನೆಗೆ ಅವರು, ಸಾಲಬಹುದು, ಸಾಲದೆಯೂ ಇರಬಹುದು ಎಂದಷ್ಟೇ ಉತ್ತರಿಸಿದರು. ವಿಷಯವನ್ನು ಅವಳಿಗೆ ತಾವೇ ತಿಳಿಸಬೇಕೇ ಎಂದು ಕೇಳಿದಾಗ, ತಾನೇ ಹೇಳುವೆನೆಂದು ಅವನು ಎದ್ದ.

ಹೇಳುವುದಕ್ಕೆ ಅವನಿಗೆ ಎರಡು ದಾರಿ ಕಂಡವು. ಒಂದು, ಎಲ್ಲವನ್ನೂ ಇದ್ದ ಹಾಗೆ ಹೇಳಿಬಿಡುವುದು. ಇನ್ನೊಂದು ದಾರಿ ಕಚೇರಿಯದು. ಅಲ್ಲಿ ವೇಳಾಪಟ್ಟಿ ಬದಲಾದರೆ ಮೇಲ್ಗಡೆ ‘ಪರಿಷ್ಕೃತ’ ಎಂದು ಬರೆದು ಹಳೆಯದರ ಮೇಲೆ ಅಂಟಿಸುತ್ತಾರೆ. ಹಳೆಯದರಲ್ಲಿ ಏನು ತಪ್ಪಿತ್ತೆಂದು ಯಾವ ಪ್ರಯಾಣಿಕನಿಗೂ ಇದುವರೆಗೆ ಯಾರೂ ಹೇಳಿಲ್ಲ. ಅವನು ಮನೆಗೆ ಬಂದು ಆ ದಾರಿಯನ್ನೇ ಹಿಡಿದ. ಏಳುತ್ತಲೇ, ಐದು ಗಂಟೆಗೆ, ಕಬ್ಬಿಣದ ಮಾತ್ರೆಯೊಂದೇ, ಕಿತ್ತಳೆ ರಸದ ಜೊತೆ. ಏಳರ ತನಕ ಚಹಾ ಇಲ್ಲ. ಕ್ಯಾಲ್ಸಿಯಂ ಸಂಜೆಯ ಊಟದ ಮೇಲೆ. ಉಳಿದೆರಡು ರದ್ದು. ಅಂದವಾದ ಅಕ್ಷರದಲ್ಲಿ ಬರೆದು, ಅವಳು ಕೆಲಸದಿಂದ ಬರುವುದರೊಳಗೆ ಅಂಟಿಸಿ ಮುಗಿಸಿದ.

ಅವಳು ಶೂ ಬಿಚ್ಚುತ್ತ ಅಲ್ಲಿಂದಲೇ ಓದಿದಳು. ಯಾಕೆ ಬದಲಾಯಿತೆಂದು ಕೇಳಿದಳು. ಡಾಕ್ಟರು ಹೇಳಿದರು ಎಂದ. ಅದು ನಿಜವೇ ಆಗಿತ್ತು.

“ಅವರು ಯಾಕೆ ಹೇಳಿದ್ರು?”

ಕಚೇರಿಯ ದಾರಿ ಅಲ್ಲಿಗೆ ಮುಗಿಯಿತು. ಅವನು ನಿಂತುಕೊಂಡೇ ಎಲ್ಲವನ್ನೂ ಹೇಳಿದ: ಕಿರಿದಾದ ಬಾಗಿಲು, ಕ್ಯಾಲ್ಸಿಯಂ, ಚಹಾ, ಆರು ಹತ್ತು. ಒಳಗೆ ತಾಯಿ ಪಾತ್ರೆಯ ಸದ್ದು ನಿಲ್ಲಿಸಿದಳು. ಹೆಂಡತಿ ಒಂದು ಕಾಲಿನ ಶೂ ಕೈಯಲ್ಲಿ ಹಿಡಿದು ಕೊನೆಯವರೆಗೂ ಕೇಳಿಸಿಕೊಂಡಳು.

“ಮೂರು ತಿಂಗಳು ನಾನು ನನ್ನ ಕಾಲನ್ನ ಬೈದೆ” ಎಂದಳು. ಶೂವನ್ನು ನೆಲಕ್ಕಿಟ್ಟು, “ತಪ್ಪು ಯಾರಿಗಾದ್ರೂ ಆಗತ್ತೆ, ಅದಿರ್ಲಿ. ನನಗೆ ಒಂದು ದಿನಾನೂ ನಿಮ್ಮ ಮೇಲೆ ಅನುಮಾನ ಬರ್ಲಿಲ್ಲ. ನಿಮಗೆ ಬಂತು.”

ಅವಳು ಎದ್ದು ಹೊಸ ತಖ್ತೆಯನ್ನು ಗೋಡೆಯಿಂದ ಬಿಡಿಸಿ, ನಾಲ್ಕಾಗಿ ಮಡಿಸಿ, ಮಾತ್ರೆಯ ಡಬ್ಬಿಯೊಂದಿಗೆ ತನ್ನ ಬಟ್ಟೆಯ ಕಪಾಟಿನಲ್ಲಿಟ್ಟು ಬಾಗಿಲು ಹಾಕಿದಳು. ಬೀಗ ಹಾಕಲಿಲ್ಲ. ಹಾಕಿದ್ದರೆ ಅವನಿಗೆ ಸುಲಭವಾಗುತ್ತಿತ್ತೇನೋ.

ಆಮೇಲಿನ ಆರು ವಾರ ಅವನಿಗೆ ಏನೂ ತಿಳಿಯಲಿಲ್ಲ. ಅವಳು ಮಾತ್ರೆ ನುಂಗಿದಳೋ ಇಲ್ಲವೋ, ಎಷ್ಟು ಹೊತ್ತಿಗೆ ನುಂಗಿದಳೋ ಎಂದು ಕೇಳುವ ಹಕ್ಕನ್ನು ತಾನೇ ಕಳೆದುಕೊಂಡಿದ್ದನೆಂದು ಅವನಿಗೆ ಗೊತ್ತಿತ್ತು. ಬೆಳಿಗ್ಗೆ ಐದಕ್ಕೆ ಅವಳ ಅಲಾರಂ ಸದ್ದು ಮಾಡುತ್ತಿತ್ತು. ಅವನು ಎಚ್ಚರವಿದ್ದೂ ಮಗ್ಗುಲಾಗದೆ ಮಲಗಿರುತ್ತಿದ್ದ. ಅಡುಗೆಮನೆಯಲ್ಲಿ ಲೋಟ ಇಟ್ಟ ಸದ್ದು ಒಮ್ಮೊಮ್ಮೆ ಕೇಳುತ್ತಿತ್ತು, ಒಮ್ಮೊಮ್ಮೆ ಇಲ್ಲ. ಕೇಳದ ದಿನ ಕಚೇರಿಯಲ್ಲಿ ಅವನ ಕೈಯಿಂದ ಅಂಕಿ ತಪ್ಪುತ್ತಿತ್ತು. ಪಶ್ಚಿಮ ಮಾರ್ಗದ ಬಸ್ಸೊಂದು ಅವನ ದೆಸೆಯಿಂದ ವಾರವಿಡೀ ಖಾಲಿ ನಿಲ್ದಾಣಕ್ಕೆ ಬಂದು ಹೋಯಿತು. ಮನೆಯ ಸುದ್ದಿಯೆಲ್ಲ ಅವನಿಗೆ ತಾಯಿಯ ಮೂಲಕ, ಸುತ್ತಿ ಬಳಸಿ ಬರುತ್ತಿತ್ತು. ನಾಲ್ಕನೆಯ ವಾರ ಆಕೆ, ದೊಡ್ಡ ದಿಬ್ಬದಲ್ಲಿ ಸೊಸೆ ಮೂರನೆಯವಳಾಗಿಯೇ ಉಳಿದಳಂತೆ, ಹಿಂದೆ ಬೀಳಲಿಲ್ಲವಂತೆ ಎಂದು ಮಗನ ತಟ್ಟೆಗೆ ಬಡಿಸುತ್ತ ಹೇಳಿದಳು. ಅವನು ಇನ್ನೊಂದು ಸಲ ಬಡಿಸಿಕೊಂಡ.

ಅಂತಿಮ ಪರೀಕ್ಷೆಯ ಫಲಿತಾಂಶದ ದಿನ ಅವಳು ತಾನಾಗಿ ಬನ್ನಿ ಎನ್ನಲಿಲ್ಲ, ಬರಬೇಡಿ ಎಂದೂ ಅನ್ನಲಿಲ್ಲ. ಅವನು ಹೋದ. ಡಾಕ್ಟರಮ್ಮ ಕಾಗದವನ್ನು ಅವಳ ಕಡೆಗೆ ತಿರುಗಿಸಿಟ್ಟರು. ಹನ್ನೊಂದು ಪಾಯಿಂಟ್ ಏಳು.

ಅವಳು ಅಂಕಿಯನ್ನು ನೋಡುತ್ತ ಕುಳಿತಳು. ಮಾತಾಡಿದವನು ಅವನು. ಯಂತ್ರದ ಅಳತೆಯಲ್ಲಿ ಮೂರು ದಶಾಂಶದಷ್ಟು ಏರುಪೇರು ಇರುವುದು ಸಹಜವೆಂದು ತಾನು ಓದಿರುವುದಾಗಿಯೂ, ಆ ಪ್ರಕಾರ ನಿಜವಾದ ಅಂಕಿ ಹನ್ನೆರಡೇ ಇರಬಹುದೆಂದೂ ವಿನಯದಿಂದ ಮಂಡಿಸಿದ.

“ಇರಬಹುದು” ಎಂದರು ಡಾಕ್ಟರಮ್ಮ. “ಹಾಗೇ ಹನ್ನೊಂದು ನಾಲ್ಕೂ ಇರಬಹುದು.”

ಇನ್ನು ಮೂರು ವಾರ ಸಿಕ್ಕಿದ್ದರೆ ಖಂಡಿತ ದಾಟುತ್ತಿತ್ತು ಎಂದೂ ಅವರು ಹೇಳಿದರು. ಓಟಕ್ಕೆ ಇದ್ದದ್ದು ಎರಡು.

ಹೊರಗೆ ಬಂದಾಗ ಅವನು, ಸಂಘದ ಸಮಿತಿಗೆ ಇಂದೇ ಬರೆಯುವೆನೆಂದ. ಮೂರು ತಿಂಗಳು ವ್ಯರ್ಥವಾದದ್ದು ಸಂಪೂರ್ಣವಾಗಿ ತನ್ನ ತಪ್ಪಿನಿಂದ, ಸವಾರಳದ್ದು ಏನೂ ಇಲ್ಲ, ಆದ್ದರಿಂದ ವಿಶೇಷ ಪರಿಗಣನೆ ಬೇಕೆಂದು ಕಾರಣ ಸಹಿತ, ದಿನಾಂಕ ಸಹಿತ ಬರೆಯುವೆನೆಂದ. ಬರವಣಿಗೆಯಲ್ಲಿ ತಪ್ಪೊಪ್ಪಿಕೊಳ್ಳುವುದು ಅವನ ಹತ್ತೊಂಬತ್ತು ವರ್ಷದ ಸೇವೆಯಲ್ಲಿ ಮೊದಲನೆಯದಾಗುತ್ತಿತ್ತು.

“ರಕ್ತಕ್ಕೆ ಅರ್ಜಿ ಓದೋಕೆ ಬರಲ್ಲ ರೀ” ಎಂದಳು ಅವಳು. ಸೈಕಲ್ಲಿನ ಬೀಗ ತೆಗೆದು ನಿಂತಳು. “ಇನ್ನೂರೈವತ್ತಾದ ಮೇಲೆ ನಾನು ಕುಸಿದ್ರೆ ಕುಸಿಯೋದು ನಾನೊಬ್ಬಳೇ ಅಲ್ಲ. ಆ ಮೂವರು ನಾಲ್ಕು ವರ್ಷ ಕಾದಿದ್ದಾರೆ.”

ಇಬ್ಬರೂ ನಡೆದೇ ಮನೆಗೆ ಬಂದರು, ನಡುವೆ ಸೈಕಲ್ಲು. ದಾರಿಯಲ್ಲಿ ಅವಳು ಒಂದು ಕಡೆ ನಿಂತು ಮುಖ ಒರೆಸಿಕೊಂಡಳು. ಅವನು ಸೈಕಲ್ಲನ್ನು ಹಿಡಿದುಕೊಂಡ. ಮನೆ ಬರುವ ತನಕ ಅದನ್ನು ಅವಳು ವಾಪಸು ಕೇಳಲಿಲ್ಲ.

ತಂಡದ ಬದಲಿ ಸವಾರಳು ಚಪ್ಪಲಿ ಅಂಗಡಿಯಲ್ಲಿ ಕೆಲಸ ಮಾಡುವ ಇಪ್ಪತ್ತಮೂರರ ಹುಡುಗಿ. ನಾಲ್ವರ ಜೊತೆ ಐದನೆಯವಳಾದ್ದರಿಂದ ಎಲ್ಲರೂ ಅವಳನ್ನು ‘ಕಿರುಬೆರಳು’ ಎನ್ನುತ್ತಿದ್ದರು. ಸಮಿತಿಯವರು ತಿಳಿಸುವುದಕ್ಕೆ ಮೊದಲೇ ಅವಳಿಗೆ ತಾನೇ ಹೇಳಬೇಕೆಂದು ಹೆಂಡತಿ ಆ ಸಂಜೆ ಫೋನ್ ಹಿಡಿದು ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತಳು. ಆ ಕಡೆಯಿಂದ ಅಕ್ಕ, ಅಕ್ಕ ಎಂದು ಎರಡು ಸಲ ಕೇಳಿಸಿ, ಆಮೇಲೆ ಅಳು ಕೇಳಿಸಿತು. ಇವಳು ಅದು ನಿಲ್ಲುವವರೆಗೆ ಕಾದು, ಮುನ್ನೂರು ಕಿಲೋಮೀಟರನ್ನು ಒಂದೊಂದಾಗಿ ಹೇಳತೊಡಗಿದಳು. ಸೇತುವೆ ದಾಟಿದ ಮೇಲೆ ಎದುರುಗಾಳಿ, ಅಲ್ಲಿ ಮುಂದೆ ಹೋಗಿ ಶೂರಳಾಗಬಾರದು, ಎರಡನೆಯವಳ ಬೆನ್ನಿಗಂಟಿಕೊಳ್ಳಬೇಕು. ನೂರ ನಲವತ್ತರಲ್ಲಿ ಹಸಿವು ಇರುವುದಿಲ್ಲ, ಆದರೂ ತಿನ್ನಬೇಕು. ಇನ್ನೂರ ಹತ್ತರ ದಿಬ್ಬ ನೋಡುವುದಕ್ಕೆ ಸಣ್ಣದು, ನಂಬಬಾರದು.

‘ಐದ್ನಿಮಿಷ’ ಹೊರಕೋಣೆಯಲ್ಲಿ ಕುಳಿತು ಎಲ್ಲವನ್ನೂ ಕೇಳಿಸಿಕೊಂಡ. ಅವಳ ದೂರ, ವೇಗ, ನಾಡಿಯ ಅಂಕಿಗಳೆಲ್ಲ ಅವನಿಗೆ ಬಾಯಿಪಾಠವಾಗಿದ್ದವು. ಈ ರಸ್ತೆಯ ಸುದ್ದಿ ಮಾತ್ರ ಇದೇ ಮೊದಲು ಅವನ ಕಿವಿಗೆ ಬೀಳುತ್ತಿತ್ತು.

ನಡುವೆ ಹುಡುಗಿ ಏನೋ ಕೇಳಿದಳು.

“ಮಾತ್ರೆನಾ? ಡಾಕ್ಟರನ್ನ ಕೇಳು. ಏನೇನು ನುಂಗ್ತೀಯೋ ಎಲ್ಲಾ ಒಂದು ಚೀಟೀಲಿ ಬರ್ಕೊಂಡು ಹೋಗಿ ಮುಂದಿಡು, ಒಂದನ್ನೂ ಬಿಡಬೇಡ.” ಅವಳು ಹೊರಕೋಣೆಯ ಕಡೆ ನೋಡಿದಳು. “ಬರೆಯೋಕೆ ಬೇಕಾದ್ರೆ ನಮ್ಮನೇಲಿ ಒಬ್ರಿದ್ದಾರೆ ಕಣೇ. ಅಕ್ಷರ ಮುತ್ತಿನ ಹಾಗಿದೆ. ಹೊತ್ತು ಮಾತ್ರ ಅವರ ಕೈಲಿ ಬರೆಸಬೇಡ.”

ಆರು ವಾರದಲ್ಲಿ ಅವಳು ಅವನ ಸುದ್ದಿ ಎತ್ತಿದ್ದು ಅದೇ ಮೊದಲು. ಕಿರುಬೆರಳು ನಾಳೆ ಅಂಗಡಿ ಮುಚ್ಚಿದ ಮೇಲೆ ಬರುತ್ತೇನೆಂದಳೇನೋ. ಬಾ, ಇರುತ್ತಾರೆ ಎಂದು ಹೆಂಡತಿ ಅವನನ್ನು ಕೇಳದೆಯೇ ಒಪ್ಪಿಕೊಂಡಳು. ಆಮೇಲೆ ಇನ್ನೂರ ಹತ್ತರ ದಿಬ್ಬಕ್ಕೆ ಮರಳಿದಳು.